ಬಡಾವಣೆಯ ಗ್ರೂಪಿನಲ್ಲಿ ನನ್ನ ಗರ್ಜನೆ

ಮಂಗಳವಾರ, ಮಾರ್ಚ್ 11

ಯಾರದೋ ತಾಯಿಯ ನಿದ್ದೆ ಕೆಡಿಸಿದ್ದೇನೆ. ಬೆಳಿಗ್ಗೆಯಿಂದ ಅದೊಂದೇ ಕೊರೆಯುತ್ತಿದೆ.

ಹನ್ನೆರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲ. ಮೂವತ್ತು ವರ್ಷ ರಂಗದ ಮೇಲೆ ಖಳನಾಗಿ ಮೆರೆದ ನಾಲಿಗೆ ಸುಮ್ಮನಿದ್ದೀತೇ? ಭಾನುವಾರ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಎಲವೋ ನೀರುಗಳ್ಳ ಇಂಜಿನಿಯರನೇ, ನಾಳೆ ಸೂರ್ಯ ಮುಳುಗುವುದರೊಳಗೆ ನೀರು ಬಿಡದಿದ್ದರೆ ನಿನ್ನ ರುಂಡ ಚೆಂಡಾಡುವೆ." ನೂರು ಜನ ಮೆಚ್ಚಿದರು. ಯಾರೋ ಅದನ್ನು ಊರಿಗೆಲ್ಲ ಹಂಚಿದರು.

ಇವತ್ತು ಪೊಲೀಸ್ ಠಾಣೆಯಿಂದ ಕರೆ ಬಂತು, ಹೋದೆ. ಅಲ್ಲಿ ಆ ಇಂಜಿನಿಯರ್ ಕೂತಿದ್ದ. ನನ್ನ ಮಗನ ವಯಸ್ಸು.

"ಅದು ನಾಟಕದ ಮಾತಪ್ಪಾ," ಅಂದೆ.

"ನಂಗೆ ಗೊತ್ತಾಯ್ತು ಸಾರ್. ನಮ್ಮಮ್ಮಂಗೆ ಗೊತ್ತಾಗ್ಲಿಲ್ಲ. ಎರಡು ರಾತ್ರಿಯಿಂದ ಬಾಗಿಲ ಹತ್ರಾನೇ ಕೂತಿದ್ದಾರೆ."

ರಂಗದ ಮೇಲಾದರೆ ನನ್ನ ಗದೆ ರಟ್ಟಿನದೆಂದು ಮಗುವಿಗೂ ಗೊತ್ತು. ಫೋನಿನಲ್ಲಿ ಗದೆಯೂ ಇಲ್ಲ, ಬಣ್ಣವೂ ಇಲ್ಲ, ಬರೀ ಮಾತು ಒಂಟಿಯಾಗಿ ಹೋಗಿ ಯಾರದೋ ಮನೆ ಬಾಗಿಲು ತಟ್ಟುತ್ತದೆ.

"ಕ್ಷಮೆ ಕೇಳಿ. ನೀರಿನ ವಿಷಯಾನೂ ಇನ್ಮೇಲೆ ಬರೀಬೇಡಿ," ಅಂದರು ಇನ್ಸ್‌ಪೆಕ್ಟರ್.

"ರುಂಡಕ್ಕೆ ಕ್ಷಮೆ ಕೇಳ್ತೀನಿ ಸಾರ್. ನೀರು ಬಿಡೋವರೆಗೂ ನೀರಿನ ಮಾತು ಬಿಡಲ್ಲ."

ಮನೆಯಲ್ಲಿ ಹೆಂಡತಿ ಕೇಳಿದಳು: "ಅಷ್ಟು ವರ್ಷ ಕಿರುಚಿದ್ರೂ ನಿಮಗೆ ಯಾರೂ ಹೆದರ್ಲಿಲ್ಲ. ಈಗ ಒಬ್ರು ಹೆದರಿದ್ದಾರಲ್ಲ, ಖುಷಿನಾ?"

ಫೋನು ಕೈಗೆತ್ತಿಕೊಂಡೆ. ಹಳೆಯದನ್ನು ಅಳಿಸಿ ಗ್ರೂಪಿನಲ್ಲಿ ಹೊಸದಾಗಿ ಬರೆದೆ: "ಅಮ್ಮಾ, ತಪ್ಪಾಯಿತು. ನಿಮ್ಮ ಮಗನ ಕೂದಲೂ ಕೊಂಕುವುದಿಲ್ಲ. ನಮಗೆ ಹನ್ನೆರಡು ದಿನದಿಂದ ನೀರಿಲ್ಲ."

ಕೊನೆಯ ವಾಕ್ಯಕ್ಕಾಗಿ ಠಾಣೆಗೆ ಮತ್ತೆ ಕರೆದರೆ ಹೋಗುತ್ತೇನೆ. ಆದರೆ ಮೊದಲ ವಾಕ್ಯವನ್ನು, ಆ ಕ್ಷಮೆಯನ್ನು, ಆ ತಾಯಿಗೆ ಯಾರಾದರೂ ಓದಿ ಹೇಳಿದರೋ ಇಲ್ಲವೋ ತಿಳಿಯದು.