ಎತ್ತರದಲ್ಲಿಟ್ಟ ಅರಬಿ ಕರಾರು

ಅಲ್ ಖೋಬರ್,
ಮಾರ್ಚ್ 1984

ಪ್ರೀತಿಯ ಉಮ್ಮಾ, ಸಲಾಂ.

ನಿಮ್ಮ ಮೊಮ್ಮಗಳು ಮೈಮೂನಾಳ ನಿಕಾಹ್‌ಗೆ ಅವಳ ಬಾಪ ಬರುತ್ತಾರೆ. ಅವರ ಬದಲು ನಿಂತು ನಿಕಾಹ್ ಮಾಡಿಕೊಡಲು ಒಪ್ಪಿದ್ದ ನನ್ನ ಮೈದುನನಿಗೆ ತಿಳಿಸಿಬಿಡಿ.

ಇವರ ಕೆಲಸದ ಕರಾರಿನ ಇಂಗ್ಲಿಷ್ ಪ್ರತಿಯಲ್ಲಿ ಮೂರು ವರ್ಷ ಮುಗಿಯದೆ ರಜೆಯಿಲ್ಲ ಎಂದಿತ್ತು. ಕಂಪನಿಯವರು ಅದನ್ನೇ ಹಿಡಿದಿದ್ದರು, ನಾವೂ ಅದನ್ನೇ ನಂಬಿದ್ದೆವು. ಅರಬಿ ಪ್ರತಿಯನ್ನು ನಾನು ಕಣ್ಣಿಗೊತ್ತಿಕೊಂಡು ಕುರ್‌ಆನಿನ ಪಕ್ಕ ಎತ್ತರದಲ್ಲಿ ಇಟ್ಟಿದ್ದೆ. ಕವಿತೆಯ ಒಂದು ಪದ ತಿಳಿಯದಿದ್ದರೆ ನಿಘಂಟು ತೆರೆಯುವವಳು, ಇದರ ಅರ್ಥವನ್ನು ಯಾರಲ್ಲೂ ಕೇಳಲಿಲ್ಲ.

ಮೊನ್ನೆ ಮನೆಗೆ ಬಂದ ಭಟ್ಕಳದ ಶಂಸುದ್ದೀನ್ ಸಾಹೇಬರು, "ಇಲ್ಲಿ ಎರಡು ಭಾಷೆಯಲ್ಲಿ ಬರೆದಿದ್ದರೆ ಅರಬಿಯದ್ದೇ ಕಾನೂನು. ಅದೆಲ್ಲಿದೆ?" ಎಂದು ಕೇಳಿ, ಇಳಿಸಿ ಓದಿದರು. ವರ್ಷಕ್ಕೊಮ್ಮೆ ರಜೆ! ಇವರು ಎರಡೂ ಪ್ರತಿ ಹಿಡಿದು ಹೋದಾಗ ಕಾರ್ಮಿಕ ಕಚೇರಿಯ ಅಧಿಕಾರಿ ಇಂಗ್ಲಿಷ್ ಪ್ರತಿಯನ್ನು ನೋಡಲೂ ಇಲ್ಲವಂತೆ. ರಜೆ ಕೊಡಿ ಎಂದು ಕಂಪನಿಗೆ ಬರೆದುಕೊಟ್ಟರು.

"ಎಂತ ಮಾರಾಯ್ತಿ, ನನ್ನ ರಜೆಯನ್ನು ಕಣ್ಣಿಗೊತ್ತಿ ಮೇಲಿಟ್ಟೆಯಾ?" ಎಂದು ಇವರು ನಕ್ಕರು. ಎಷ್ಟೋ ದಿನಗಳ ನಂತರ ನಕ್ಕದ್ದು.

ಮೈಮೂನಾಳಿಗೆ ಇದನ್ನು ನೀವೇ ಹೇಳಿ. ಬಾಪ ಇಲ್ಲದಿದ್ದರೂ ಪರವಾಗಿಲ್ಲ ಎಂದು ಅವಳು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದಾಳೆ. ಇನ್ನು ಬರೆಯಬೇಕಾಗಿಲ್ಲ.

ನಿಮ್ಮ ಮಗಳು,
ರುಕಿಯಾ