ಹನ್ನೆರಡನೇ ಮಹಡಿಯ ಅಕ್ಕ

ಮೇ ೩೦, ಶುಕ್ರವಾರ

ನನ್ನ ವಯಸ್ಸನ್ನು ಅಕ್ಕನಿಗೆ ಮೊದಲೇ ಹೇಳಿಬಿಡಬೇಕಿತ್ತು ಎಂಬ ಕೊರಗು ಬೆಳಗಿನಿಂದ. ಅರವತ್ತು ತುಂಬಿತು, ಬ್ಯಾಂಕಿನಲ್ಲಿ ಇಂದು ಕೊನೆಯ ದಿನ. ನಾನು ಎರಡನೇ ಮಹಡಿ, ಸಹಿ ತಾಳೆ ನೋಡುವ ಅಕ್ಕ ಹನ್ನೆರಡನೇ ಮಹಡಿ. ಒಂಬತ್ತು ವರ್ಷ ದಿನವೂ ಫೋನಿನಲ್ಲೇ ಮಾತು, ಮುಖ ನೋಡಿದ್ದಿಲ್ಲ. ಅವರ ಗಡಸು ದನಿಗೆ ಹೆದರಿ ಮೊದಲ ದಿನವೇ 'ಅಕ್ಕ' ಎಂದಿದ್ದೆ. ನನ್ನ ಕೀರಲು ದನಿ ಕೇಳಿ ಹುಡುಗನೆಂದುಕೊಂಡರು. "ಊಟ ಮಾಡಿದ್ಯೇನೋ?" ಎಂದು ಗದರುತ್ತಿದ್ದರು. ಹೆಂಡತಿ ಹೋದ ಮೇಲೆ ಹಾಗೆ ಕೇಳುವವರು ಇನ್ನು ಯಾರಿದ್ದರು? ಸುಮ್ಮನಿದ್ದುಬಿಟ್ಟೆ.

ಸಂಜೆ ಹೇಳಿಹೋಗಲು ಮೇಲೆ ಹೋದೆ. ಮೇಜಿನ ಹಿಂದೆ ಮೂವತ್ತೈದು ದಾಟದ ಹೆಣ್ಣುಮಗಳು!

"ಅಕ್ಕ, ನಾನೇ" ಎಂದೆ.

ನನ್ನ ನರೆತ ತಲೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ನಮ್ಮಪ್ಪನ ವಯಸ್ಸು ನಿಮಗೆ! ಹೋಗೋ ಬಾರೋ ಅಂತಿದ್ನಲ್ಲ ಸಾರ್!"

ಆ 'ಸಾರ್' ನನಗೆ ಬೇಡವಾಗಿತ್ತು. ಇಡೀ ಕಟ್ಟಡದಲ್ಲಿ ಎಲ್ಲರೂ ಹಾಗೆನ್ನುವವರೇ.

"ನೀನೊಬ್ಬಳಾದ್ರೂ ಹಾಗನ್ನಬೇಡಮ್ಮ" ಎಂದೆ.

ಅವಳು ಕುರ್ಚಿ ಎಳೆದು, "ಮತ್ತೆ ಯಾಕೋ ನಿಂತೇ ಇದ್ದೀಯ? ಕೂತ್ಕೋ" ಎಂದಳು.

ಕೂತೆ. ದೀಪ ಆರಿಸುವವರು ಬರುವವರೆಗೂ ಕೂತಿದ್ದೆವು. ಏನೇನು ಮಾತಾಡಿದೆವೋ ಒಂದೂ ನೆನಪಿಲ್ಲ, ಆದರೆ ಏಳುವಾಗ "ರಾತ್ರಿ ಊಟ ಮಾಡೋ, ಮರೀಬೇಡ" ಎಂದು ಅವಳು ಗದರಿದ್ದು ಮಾತ್ರ ನೆನಪಿದೆ.