ಅಂಗಡಿಯಲ್ಲೇ ಬಿಟ್ಟು ಬರುವ ‘ರೀ’

ಗಡಹಿಂಗ್ಲಜ
೨೧ ಎಪ್ರಿಲ್ ೧೯೬೨

ಸೌಭಾಗ್ಯವತಿ ತಂಗಿ ಬಾಳವ್ವಳಿಗೆ ಅಕ್ಕ ಗೌರವ್ವನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತೆನೆಂದು ಬೈಯಬೇಡ. ಹಪ್ಪಳ, ಶಾವಿಗೆಯ ಕೆಲಸ ಮುಗಿದದ್ದೇ ನಿನ್ನೆ. ಅದೂ ಒಂದು ನೆವ ಅನ್ನು. ನಿಜ ಹೇಳಬೇಕೆಂದರೆ, ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು ಕ್ಷೇಮಸಮಾಚಾರ ಬರೆಯಲು ಕೈ ಏಳಲಿಲ್ಲ.

ನಮ್ಮ ಎದುರು ಮನೆಗೆ ಇಚಲಕರಂಜಿಯಿಂದ ಹೊಸಬರು ಬಂದಿದ್ದಾರೆ. ಗಂಡ ಧನಪಾಲರದು ಬಟ್ಟೆ ವ್ಯಾಪಾರ. ಹೆಂಡತಿ ಜಿನ್ನವ್ವ. ರೂಪದಲ್ಲಿ ನನಗಿಂತ ಹೆಚ್ಚೇನಲ್ಲ. ರೊಟ್ಟಿಯಂತೂ ತಿಂದು ನೋಡಿದ್ದೇನೆ, ದಪ್ಪ. ಆದರೂ ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆ ಗೊತ್ತೇ? ಆ ಗಂಡ ಹೆಂಡತಿಗೆ ‘ರೀ’ ಅನ್ನುತ್ತಾನೆ!

ಮೊದಲ ದಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಾಗ ಕಿವಿಯಾರೆ ಕೇಳಿದೆ. “ಏನ್ರಿ, ಒಂದ್ ತಂಬಗಿ ನೀರ ಕೊಡ್ತೀರಿ?” ಕುಡಿದಾದ ಮೇಲೆ “ಭಾಳ ಛಲೋ ಆತ್ರಿ” ಅಂದರು. ಓಣಿಯೆಲ್ಲ ನಕ್ಕಿತು. ಪಕ್ಕದ ಮನೆಯ ಮುದಕವ್ವ, “ಗಂಡಸಲ್ಲ ಬಿಡವಾ, ಹೆಂಡ್ತಿ ಗುಲಾಮ” ಎಂದಳು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಒಳಗೆ ಬಂದು ಈಳಿಗೆಯ ಮುಂದೆ ಕೂತು ಸೊಪ್ಪಿನ ಬದಲು ಬೆರಳು ಹೆಚ್ಚಿಕೊಂಡೆ. ಈಗಂತೂ ಕಿಟಕಿಯಲ್ಲಿ ನಿಂತು ಅವರ ‘ರೀ’ಗಳನ್ನು ಎಣಿಸುವುದೇ ನನ್ನ ಕೆಲಸ.

ನಿನ್ನ ಭಾವನವರು ನಿನಗೆ ಗೊತ್ತಲ್ಲ. ಬೆಲ್ಲದ ಅಂಗಡಿಯಲ್ಲಿ ಕೂತರೆ ಅವರಷ್ಟು ಮರ್ಯಾದಸ್ಥರು ಪೇಟೆಯಲ್ಲೇ ಇಲ್ಲ. ಉತ್ತೂರಿನ ರೈತನಿರಲಿ, ಹಮಾಲ ಧೋಂಡಿಬಾ ಇರಲಿ, “ಬರ್ರಿ, ಕುಂದರ್ರಿ” ಎಂದು ಬೆಲ್ಲ ನೀರು ಕೊಡದೆ ಮಾತು ಶುರುಮಾಡರು. ಮನೆಯ ಹೊಸ್ತಿಲು ದಾಟಿದರೋ, “ಏ, ನೀರು”, “ಏ, ಊಟ”. ಊರಿಗೆ ಉಪಕಾರಿ, ಮನೆಗೆ ಮಾರಿ. ನಾನು ಅವರ ಹೆಸರು ಹೇಳುವಂತಿಲ್ಲ, ಇರಲಿ, ಅದು ನಮ್ಮ ಪದ್ಧತಿ. ನನ್ನ ಹೆಸರಿಗೇನು ರೋಗ ಬಂದಿತ್ತು?

ಮೊನ್ನೆ ಬಡಿಸುತ್ತ ಧೈರ್ಯಮಾಡಿ ಕೇಳಿಯೇಬಿಟ್ಟೆ. “ಎದುರಮನಿಯವರು ಹೆಂಡ್ತೀಗೆ ಎಷ್ಟ ಚೆಂದ ಮಾತಾಡ್ತಾರ ನೋಡ್ರಿ. ನೀವೂ ಒಮ್ಮೆ ಹಂಗಂದ್ರ ಬಾಯಿ ಸವೀತೈತೇನ್ರಿ?”

ಅವರು ನಕ್ಕುಬಿಟ್ಟರು. “ಹೆಂಡ್ತೀಗೆ ರೀ ಅಂದ್ರ ನಾಳೆ ಅಕಿ ನನಗ ಏ ಅಂತಾಳ. ಮರ್ಯಾದಿ ಹೊರಗಿನವ್ರಿಗೆ. ಮನ್ಯಾಗಿನವ್ರಿಗೆ ಯಾಕ? ಏ, ಸಾರು ಹಾಕು.”

ಹಾಕಿದೆ. ಬಿಸಿ ಮಾಡದೆ ಹಾಕಿದೆ.

ಕೊಲ್ಹಾಪುರದಲ್ಲಿ ನೀನೂ ಮಗುವೂ ಸುಖವಾಗಿರಿ. ನಿನ್ನ ಯಜಮಾನರು ರಾಮಲಿಂಗಪ್ಪನವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗನಿಗೆ ಈಗಿನಿಂದಲೇ ಕಲಿಸು. ಬೀದಿಯವರೊಡನೆ ಹೇಗೋ ಹಾಗೆಯೇ ತಾಯಿಯೊಡನೆ, ನಾಳೆ ಬರುವ ಹೆಂಡತಿಯೊಡನೆ ಮೆತ್ತಗೆ ಮಾತಾಡಲಿ. ನೂರು ವರ್ಷ ಬಾಳಲಿ.

ನಿನ್ನ ಅಕ್ಕ
ಗೌರವ್ವ

ತಾ.ಕ.: ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ಆ ಮಾತಿನ ಮರುದಿನ ಅವರು ಬುತ್ತಿ ಮರೆತು ಹೋದರು. ನಾನೇ ಒಯ್ದೆ. ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಪೇಟೆಯ ಗಂಡಸರ ನಡುವೆಂದು ಮುಖ ಮುಚ್ಚುವಷ್ಟು ಸೆರಗೆಳೆದುಕೊಂಡಿದ್ದೆ, ಉಟ್ಟದ್ದೂ ಹೊಸ ಸೀರೆ. ಅವರು ಗಾದಿಯಿಂದ ಎದ್ದೇ ಬಂದರು. “ಬರ್ರಿ ಅಕ್ಕಾರ, ಬಿಸಲಾಗ ಭಾಳ ದಣದೀರಿ, ಕುಂದರ್ರಿ” ಎಂದು ತಾವೇ ಬೆಲ್ಲ ನೀರು ತಂದು ಕೊಟ್ಟರು. ನಾನು ತುಟಿ ಬಿಚ್ಚಲಿಲ್ಲ. ಸೆರಗಿನೊಳಗೇ ನೀರು ಕುಡಿದೆ. ಬುತ್ತಿ ಇಟ್ಟು ಕೈಮುಗಿದೆ. “ಸಾವಕಾಶ ಹೋಗಿ ಬರ್ರಿ” ಎಂದು ಮೆಟ್ಟಿಲವರೆಗೂ ಬಂದರು.

ಸಂಜೆ ಮನೆಗೆ ಬಂದು ಕೇಳಿದರು: “ಏ, ಬುತ್ತಿ ಯಾರ ಕೈಯಾಗ ಕಳಿಸಿದ್ದಿ? ಭಾಳ ಮರ್ಯಾದಸ್ಥ ಹೆಣಮಗಳು. ಅಂಥಾಕಿನ್ನ ನೋಡಿ ಕಲಿ.”

ಬಾಳವ್ವ, ಜಿನ್ನವ್ವನ ಮೇಲೆ ನನಗೀಗ ಹೊಟ್ಟೆಕಿಚ್ಚಿಲ್ಲ. ಆ ಬುತ್ತಿ ತಂದವಳ ಮೇಲಿದೆ.